ಯುದ್ಧದೇವಿಯ ಚಿತ್ರಕಥೆ

ಅಸುರಶಕ್ತಿಗೆ ಎದುರಾಗಿ ಆಯುಧ ಹಿಡಿದ ದೇವಿಯನ್ನು ನಾಯಕಿಯಾಗಿಸಿ, ಆ ಕಾಳಗವನ್ನು ಸಾಲುಸಾಲು ಚಿತ್ರಗಳಲ್ಲಿ, ಮಾತಿನ ಗುಳ್ಳೆಗಳ ನೆರವಿನಿಂದ ಹೇಳುವ ಕಥಾಪ್ರಕಾರ. ಭಾರತದಲ್ಲಿ ಇದಕ್ಕೆ ಎರಡು ಕವಲು. ಪುರಾಣದ ಕಥೆಯನ್ನು ಇದ್ದಂತೆ ಬಿಡಿಸುವುದು ಒಂದು. 1978ರಲ್ಲಿ ಅಮರ ಚಿತ್ರ ಕಥೆ ಮಾಲೆಯಲ್ಲಿ ಬಂದ ದುರ್ಗೆಯ ಕಥೆಗಳ ಪುಸ್ತಕ ಇದರ ಮಾದರಿ. ಪುರಾಣದಿಂದ ಎಳೆಯನ್ನಷ್ಟೇ ಪಡೆದು ಹೊಸ ದೇವಿಯನ್ನೂ ಹೊಸ ಲೋಕವನ್ನೂ ಕಟ್ಟುವುದು ಇನ್ನೊಂದು. 2006ರಲ್ಲಿ ಆರಂಭವಾದ, ಬೆಂಗಳೂರಿನ ಸ್ಟುಡಿಯೋ ಇದ್ದ ಸಂಸ್ಥೆಯೊಂದು ಹೊರತಂದ ‘ದೇವಿ’ ಎಂಬ ಇಂಗ್ಲಿಷ್ ಕಾಮಿಕ್ಸ್ ಈ ಕವಲಿನ ಮುಖ್ಯ ಕೃತಿ. ಎರಡೂ ಕವಲುಗಳಿಗೆ ಕನ್ನಡನಾಡಿನ ನಂಟಿದೆ. ಆ ನಂಟಿನ ಬೇರು ಅಚ್ಚಿನ ಯಂತ್ರಕ್ಕಿಂತ ಬಹಳ ಹಿಂದಿನದು.

ಮೂಲ ಕಥೆ ಮಾರ್ಕಂಡೇಯ ಪುರಾಣದ ದೇವೀಮಾಹಾತ್ಮ್ಯೆಯದು. 13 ಅಧ್ಯಾಯ, ಸಪ್ತಶತಿ ಎಂಬ ಹೆಸರಿಗೆ ತಕ್ಕಂತೆ 700 ಮಂತ್ರಗಳು. ರಾಜ್ಯ ಕಳೆದುಕೊಂಡ ಸುರಥನೆಂಬ ರಾಜ, ಮನೆಯವರಿಂದಲೇ ಹೊರದೂಡಲ್ಪಟ್ಟ ಸಮಾಧಿಯೆಂಬ ವೈಶ್ಯ, ಇಬ್ಬರೂ ಕಾಡಿನಲ್ಲಿ ಮೇಧಸ ಮುನಿಯನ್ನು ಕಂಡು ಕೇಳುವ ಕಥೆಯಿದು. ಮಧು-ಕೈಟಭರು, ಮಹಿಷ, ಶುಂಭ-ನಿಶುಂಭರು ಎಂದು ಮೂರು ಕಾಳಗಗಳು. ಎರಡನೆಯ ಅಧ್ಯಾಯದಲ್ಲಿ ದೇವಿ ಮೂಡುವ ಬಗೆಯನ್ನು ಚಿತ್ರಕಾರನ ಕಣ್ಣಿನಿಂದ ಓದಬೇಕು. ಶಿವನ ತೇಜಸ್ಸಿನಿಂದ ಮುಖ, ಯಮನದರಿಂದ ಕೂದಲು, ವಿಷ್ಣುವಿನದರಿಂದ ತೋಳುಗಳು. ಬಳಿಕ ಒಬ್ಬೊಬ್ಬರೂ ತಂತಮ್ಮ ಆಯುಧದಿಂದ ಇನ್ನೊಂದನ್ನು ತೆಗೆದು ಕೊಡುತ್ತಾರೆ: ಶೂಲ, ಚಕ್ರ, ವಜ್ರ. ವರುಣ ಶಂಖ ಕೊಡುತ್ತಾನೆ, ವಾಯು ಬಿಲ್ಲು ಬತ್ತಳಿಕೆ, ಹಿಮವಂತ ಸಿಂಹವನ್ನು. ಪ್ರತಿ ವಾಕ್ಯಕ್ಕೊಂದು ಚೌಕಟ್ಟು ಬರೆದರೆ ಪುಟ ತಾನಾಗಿಯೇ ಸಿದ್ಧವಾಗುತ್ತದೆ. ಕಾಮಿಕ್ಸ್ ಓದುಗರು ‘ನಾಯಕಿಯ ಹುಟ್ಟು’ ಎಂದು ಎದುರುನೋಡುವ ಮೊದಲ ಸಂಚಿಕೆಯನ್ನು ಯಾರೋ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಬರೆದಿಟ್ಟ ಹಾಗಿದೆ.

ಮೂರನೆಯ ಅಧ್ಯಾಯ ಇನ್ನೂ ಸೊಗಸು. ಕೋಣನಾಗಿ ಬಂದ ಮಹಿಷನಿಗೆ ದೇವಿ ಪಾಶ ಎಸೆಯುತ್ತಾಳೆ, ಅವನು ಸಿಂಹವಾಗುತ್ತಾನೆ. ತಲೆ ಕಡಿಯುವಷ್ಟರಲ್ಲಿ ಕತ್ತಿ-ಗುರಾಣಿ ಹಿಡಿದ ಗಂಡಾಳು. ಬಾಣ ಬಿಟ್ಟರೆ ಆನೆ. ಸೊಂಡಿಲು ಕತ್ತರಿಸಿದರೆ ಮತ್ತೆ ಕೋಣ. ದೇವಿ ಪಾನಪಾತ್ರೆಯನ್ನು ಎತ್ತಿ ಕುಡಿದು, ನಕ್ಕು, ನೆಗೆದು ಅವನ ಕೊರಳ ಮೇಲೆ ಕಾಲಿಟ್ಟು ಶೂಲದಿಂದ ತಿವಿಯುತ್ತಾಳೆ. ಕೋಣನ ಬಾಯಿಂದ ಅರ್ಧ ಹೊರಬಂದ ಅಸುರನ ತಲೆ ಆಗ ಉರುಳುತ್ತದೆ. ಇಷ್ಟೂ ರೂಪಗಳು ಒಂದೇ ಚಿತ್ರದಲ್ಲಿ ಹಿಡಿಯಲಾರವು; ಸಾಲುಚಿತ್ರವೇ ಬೇಕು.

ಶಿಲ್ಪಿಗೆ ಸಾಲುಚಿತ್ರದ ಸೌಲಭ್ಯವಿರಲಿಲ್ಲ, ಒಂದು ಗಳಿಗೆಯನ್ನು ಆರಿಸಿಕೊಳ್ಳಲೇಬೇಕಿತ್ತು. ಬಾದಾಮಿಯ ಒಂದನೆಯ ಗುಹೆಯಲ್ಲಿಯೂ ಐಹೊಳೆಯ ದುರ್ಗದ ಗುಡಿಯಲ್ಲಿಯೂ ಮಹಿಷ ಪೂರ್ತಿ ಕೋಣನೇ. ದೇವಿಯ ಶೂಲ ಅವನ ಮೈಗೆ ಇಳಿಯುತ್ತಿದೆ. (ಐಹೊಳೆಯ ಗುಡಿಗೆ ಆ ಹೆಸರು ಬಂದದ್ದು ದುರ್ಗೆಯಿಂದಲ್ಲ, ಪಕ್ಕದ ದುರ್ಗದಿಂದ ಅಂದರೆ ಕೋಟೆಯಿಂದ ಎಂಬುದನ್ನು ಹೋಗಿ ನೋಡುವವರು ನೆನಪಿಡಬೇಕು.) ಅದೇ ಕಾಲಮಾನದ ಆಸುಪಾಸಿನ ಮಾಮಲ್ಲಪುರದಲ್ಲಿ ದೇವಿ ಸಿಂಹದ ಮೇಲೆ ಕೂತು ಬಿಲ್ಲೆಳೆದಿದ್ದಾಳೆ, ಕೋಣನ ತಲೆ, ಮನುಷ್ಯನ ಮೈ ಇರುವ ಮಹಿಷ ಗದೆ ಹಿಡಿದು ಹಿಂದೆ ಸರಿಯುತ್ತಿದ್ದಾನೆ, ಯುದ್ಧ ಇನ್ನೂ ಮುಗಿದಿಲ್ಲ. ಮುಂದಿನ ಕಾಲದ ಶಿಲ್ಪಗಳಲ್ಲಿ ಕೋಣನ ಕಡಿದ ಕೊರಳಿಂದ ಮನುಷ್ಯರೂಪಿ ಹೊರಬರುವುದೇ ರೂಢಿಯಾಯಿತು. ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟರೆ ಒಂದೇ ಕಾಳಗದ ಮೂರು ಚೌಕಟ್ಟುಗಳು. ಬೇರೆಬೇರೆ ಊರಿನ, ಬೇರೆಬೇರೆ ಅರಸರ ಶಿಲ್ಪಿಗಳು ಹೀಗೆ ಒಂದು ಚಿತ್ರಕಥೆಯನ್ನು ಹಂಚಿಕೊಂಡು ಕೆತ್ತಿದ್ದಾರೆ.

ಕನ್ನಡದ ಕಿವಿಗೆ ಈ ಕಥೆ ತಲುಪಿದ್ದು ಹೆಚ್ಚಾಗಿ ಎರಡು ದಾರಿಯಲ್ಲಿ. ಬಡಗಣ ಸೀಮೆಯಲ್ಲಿ ಚಿದಾನಂದಾವಧೂತರ ಷಟ್ಪದಿಯ ದೇವೀ ಪುರಾಣ. ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆಯ ಅಂಬಾಮಠದೊಂದಿಗೆ ಅವರ ಹೆಸರು ಬೆಸೆದುಕೊಂಡಿದೆ. ನವರಾತ್ರಿಯಲ್ಲಿ ಊರ ಗುಡಿಯಲ್ಲಿ ‘ಪುರಾಣ ಹಚ್ಚುವುದು’ ಎಂದರೆ ಇಂದಿಗೂ ಅನೇಕ ಹಳ್ಳಿಗಳಲ್ಲಿ ಈ ಪುಸ್ತಕವೇ. ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಕೇಳುವವರು ಮನಸ್ಸಿನಲ್ಲೇ ಚಿತ್ರ ಬರೆದುಕೊಳ್ಳುತ್ತಾರೆ.

ಕರಾವಳಿಯಲ್ಲಿ ಚಿತ್ರ ಕಣ್ಣೆದುರಿಗೇ ಬರುತ್ತದೆ. ಯಕ್ಷಗಾನದ ‘ದೇವಿ ಮಹಾತ್ಮೆ’ ಕಟೀಲಿನ ಮೇಳಗಳ ಹರಕೆಯ ಆಟಗಳಲ್ಲಿ ಅತಿ ಬೇಡಿಕೆಯ ಪ್ರಸಂಗ. ಇದರಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಸಭೆಯ ಹಿಂದೆ, ಕತ್ತಲಲ್ಲಿ, ಮೊದಲು ದೊಂದಿಗಳು ಕಾಣುತ್ತವೆ. ರಾಳದ ಪುಡಿ ಎರಚಿದ ಕೂಡಲೇ ಬೆಂಕಿ ಭುಗ್ಗೆಂದು ಮೇಲೇಳುತ್ತದೆ, ಆ ಬೆಳಕಿನಲ್ಲಿ ಎರಡು ಕೋಡು ಕಾಣಿಸಿ ಮರೆಯಾಗುತ್ತವೆ. ಮತ್ತೊಮ್ಮೆ ರಾಳ, ಈ ಸಲ ಮುಖ. ಮಲಗಿದ್ದ ಮಕ್ಕಳು ಎದ್ದು ಅಮ್ಮನ ಸೆರಗು ಹಿಡಿಯುವ ಹೊತ್ತಿಗೆ ಕೋಣ ಜನರ ನಡುವೆಯೇ ನಡೆದು ಬರುತ್ತಿರುತ್ತದೆ, ಚಂಡೆ ಕಿವಿ ತುಂಬುತ್ತದೆ. ಬೆಳಕು-ಕತ್ತಲೆ-ಬೆಳಕು ಎಂಬ ಈ ಬಗೆಯಲ್ಲಿ ನೋಟವನ್ನು ತುಂಡುತುಂಡಾಗಿ ಕೊಡುವುದು ಚಿತ್ರಕಥೆಯ ವ್ಯಾಕರಣವೇ. ಎರಡು ಚೌಕಟ್ಟುಗಳ ನಡುವಿನ ಬಿಳಿ ಜಾಗದಲ್ಲಿ ಓದುಗರು ಏನನ್ನು ಊಹಿಸಿಕೊಳ್ಳುತ್ತಾರೋ ಅದನ್ನು ಇಲ್ಲಿ ಕತ್ತಲೆ ಊಹಿಸಲು ಬಿಡುತ್ತದೆ. ಮಧು-ಕೈಟಭರಿಂದ ತೊಡಗಿದ ಆಟ ನಡುರಾತ್ರಿಯ ಮಹಿಷ, ಬಳಿಕದ ರಕ್ತಬೀಜ, ಕೊನೆಗೆ ಶುಂಭ ಎಂದು ಬೆಳಗಿನವರೆಗೆ ಸಾಗುತ್ತದೆ. ದೇವಿಯ ಗೆಲುವಿಗೆ ಇಡೀ ರಾತ್ರಿ ಕಾಯಬೇಕು. ಆ ಕಾಯುವಿಕೆಯಲ್ಲಿಯೇ ಗೆಲುವಿನ ತೂಕವಿದೆ.

ಮೈಸೂರಿನಲ್ಲಿ ದೇವಿ ಅರಮನೆಯ ಕುಲದೈವ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ರೂಪಿಸಿದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಶಕ್ತಿನಿಧಿಯೂ ಒಂದು, ದೇವಿಯ ನಾನಾ ರೂಪಗಳಿಗೆ ಧ್ಯಾನಶ್ಲೋಕವೂ ವರ್ಣಚಿತ್ರವೂ ಅಲ್ಲಿವೆ. ಅದೇ ಅರಸರು ಯೋಜಿಸಿದ ಗಂಜೀಫ ಎಂಬ ಇಸ್ಪೀಟಿನಂಥ ಎಲೆಯಾಟಗಳಲ್ಲಿ ಚಾಮುಂಡೇಶ್ವರಿ ಛದ 320 ಎಲೆಗಳದು. ದೇವಿಯನ್ನು ಕೈಯಲ್ಲಿ ಹಿಡಿಯಬಹುದಾದ ಸಣ್ಣ ಆಯತದೊಳಗೆ ಕೂರಿಸುವ ಕೌಶಲವನ್ನು ಮೈಸೂರಿನ ಚಿತ್ರಗಾರರು ಅಲ್ಲಿ ಪಳಗಿಸಿಕೊಂಡರು.

ಅಚ್ಚಿನ ಯುಗದಲ್ಲಿ ಮೊದಲು ಗೆದ್ದದ್ದು ಒಂಟಿ ಚಿತ್ರ. ರವಿವರ್ಮನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾದ ಮೇಲೆ ದೇವತೆಗಳು ಮನೆಮನೆಯ ಗೋಡೆಗೆ ಬಂದರು. ಆ ಹಾದಿಯಲ್ಲಿ ಮುಂದೆ ದೊಡ್ಡ ಹೆಸರಾದವರು ಕಲಬುರಗಿಯ ಎಸ್.ಎಂ. ಪಂಡಿತ್ (1916–1993). ಮುಂಬಯಿಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ಕ್ಯಾಲೆಂಡರುಗಳನ್ನೂ ಬರೆದ ಅವರ ದೇವದೇವಿಯರಿಗೆ ಮಾಂಸಖಂಡವಿದೆ, ಮೈಯ ಭಾರವಿದೆ, ಒಂದು ಪಕ್ಕದಿಂದ ಬಿದ್ದ ನಾಟಕೀಯ ಬೆಳಕಿದೆ. ಕಾಮಿಕ್ಸಿನ ವೀರರಿಗೆ ಬೇಕಾದ ಮೈಕಟ್ಟು ಭಾರತೀಯ ಓದುಗರಿಗೆ ಪರಿಚಿತವಾದದ್ದು ಇಂಥ ಕ್ಯಾಲೆಂಡರುಗಳಿಂದ. ಆದರೆ ಕ್ಯಾಲೆಂಡರು ಗೆಲುವಿನ ಗಳಿಗೆಯೊಂದನ್ನೇ ತೋರಿಸುತ್ತದೆ. ದೇವಿ ನಿಂತಿದ್ದಾಳೆ, ಕಾಲಡಿ ಅಸುರ ಬಿದ್ದಿದ್ದಾನೆ. ಅವಳು ಬೆವರಿದ್ದು, ಅವನು ತಪ್ಪಿಸಿಕೊಂಡದ್ದು, ಸಿಂಹ ಗರ್ಜಿಸಿದ್ದು ಗೋಡೆಯ ಮೇಲೆ ಇಲ್ಲ.

ಅವನ್ನು ಮಕ್ಕಳಿಗೆ ಮರಳಿ ಕೊಟ್ಟದ್ದು ಪತ್ರಿಕೆಗಳು. 1947ರ ಜುಲೈನಲ್ಲಿ ತೆಲುಗು, ತಮಿಳಿನಲ್ಲಿ ಹುಟ್ಟಿದ ಚಂದಮಾಮ ಮರುವರ್ಷ ಕನ್ನಡಕ್ಕೆ ಬಂತು. ಅದರ ಮಹಾಭಾರತದ ಮುಖಪುಟಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ಕನ್ನಡಿಗರು. ಚಂದಮಾಮದ್ದು ಚಿತ್ರಸಹಿತ ಕಥೆ; ಚಿತ್ರ ಮಾತಿನ ಪಕ್ಕದಲ್ಲಿರುತ್ತಿತ್ತು. ಚಿತ್ರವೇ ಕಥೆ ಹೇಳುವ ಪುಸ್ತಕಕ್ಕೆ ಇನ್ನಷ್ಟು ಕಾಲ ಹಿಡಿಯಿತು.

ಅದನ್ನು ಮಾಡಿದವರು ಕಾರ್ಕಳದ ಅನಂತ ಪೈ (1929–2011). ಎಳವೆಯಲ್ಲೇ ತಂದೆತಾಯಿಯನ್ನು ಕಳೆದುಕೊಂಡು, 12ರ ಹರೆಯದಲ್ಲಿ ಮುಂಬಯಿಗೆ ಹೋಗಿ ಓದಿ, 1964ರಲ್ಲಿ ಶುರುವಾದ ಇಂದ್ರಜಾಲ್ ಕಾಮಿಕ್ಸ್‌ನಲ್ಲಿ ಕೆಲಸ ಕಲಿತವರು. ಅಮರ ಚಿತ್ರ ಕಥೆಯ ಹುಟ್ಟನ್ನು ಸಾಮಾನ್ಯವಾಗಿ 1967ರ ದೆಹಲಿಯ ಪ್ರಸಂಗದಿಂದ ಹೇಳುತ್ತಾರೆ: ದೂರದರ್ಶನದ ರಸಪ್ರಶ್ನೆಯಲ್ಲಿ ಗ್ರೀಕ್ ದೇವತೆಗಳ ಬಗ್ಗೆ ಉತ್ತರಿಸಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ, ಪೈಯವರಿಗೆ ಅದು ನಾಟಿತು ಎಂದು. ಕನ್ನಡಿಗರು ಅದಕ್ಕೂ ಹಿಂದಿನ ಒಂದು ಅಧ್ಯಾಯವನ್ನು ತಿಳಿದಿರಬೇಕು. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಒತ್ತಾಸೆಯಿಂದ ಈ ಹೆಸರಿನ ಚಿತ್ರಕಥೆಗಳು ಮೊದಲು ಹೊರಬಂದದ್ದು ಕನ್ನಡದಲ್ಲಿ. ಮೊದಲ ಹತ್ತು ಪುಸ್ತಕಗಳು ಸಿಂಡ್ರೆಲಾಳಂಥ ಪಾಶ್ಚಾತ್ಯ ಕಿನ್ನರಿ ಕಥೆಗಳ ಕನ್ನಡ ರೂಪ. ಇಂಗ್ಲಿಷ್ ಮಾಲೆ ‘ಕೃಷ್ಣ’ನಿಂದ, 11ನೆಯ ಸಂಖ್ಯೆಯಿಂದ ತೊಡಗುವುದು ಇದೇ ಕಾರಣಕ್ಕೆ. ದೇಶದ ಅತಿ ಪ್ರಸಿದ್ಧ ಚಿತ್ರಕಥಾಮಾಲೆಯ ಮೊದಲ ಮಾತು ಕನ್ನಡದ್ದು ಎಂಬುದು ನಮ್ಮ ಶಾಲೆಯ ಪುಸ್ತಕಗಳಲ್ಲಿ ಇರಬೇಕಾದ ಸಂಗತಿ.

1978ರ ದುರ್ಗೆಯ ಪುಸ್ತಕಕ್ಕೆ ಚಿತ್ರ ಬರೆದವರು ಸೌರೇನ್ ರಾಯ್, ಕಥೆ ಹೆಣೆದವರು ಸುಬ್ಬಾ ರಾವ್. ಮಾಲೆಯ ರೂಢಿಯಂತೆ 32 ಪುಟ. 700 ಮಂತ್ರಗಳ ಕಥೆಯನ್ನು 32 ಪುಟಕ್ಕೆ ಇಳಿಸುವಾಗ ಏನಾದರೂ ಬಿಡಲೇಬೇಕು. ಮೂಲದಲ್ಲಿ ದೇವತೆಗಳ ದೀರ್ಘ ಸ್ತುತಿಗಳಿವೆ, ತತ್ತ್ವದ ಮಾತಿದೆ. ಚಿತ್ರಕಥೆ ಉಳಿಸಿಕೊಳ್ಳುವುದು ಘಟನೆಯನ್ನು. ಮಕ್ಕಳಿಗೆ ಅದು ತಕ್ಕದ್ದೇ. ಮುಖ್ಯವಾದ ಲಾಭವೊಂದಾಯಿತು. ಮಾಲೆಯ ರಾಮ, ಕೃಷ್ಣ, ಹನುಮಂತರ ಪಕ್ಕದಲ್ಲಿ, ಯಾರ ಹೆಂಡತಿಯೆಂದೋ ಯಾರ ತಾಯಿಯೆಂದೋ ಗುರುತಿಸಿಕೊಳ್ಳದೆ ತನ್ನ ಯುದ್ಧವನ್ನು ತಾನೇ ಮಾಡುವ ಹೆಣ್ಣೊಬ್ಬಳು ಬಂದು ನಿಂತಳು. ರಜೆಯಲ್ಲಿ ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಿಂದ ಅದನ್ನು ಕೊಂಡ ಹೆಣ್ಣುಮಕ್ಕಳಿಗೆ ಆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತಿತ್ತು.

ಚಿತ್ರಗಾರನಿಗೆ ಈ ಕಥೆಯ ಅತಿ ಕಷ್ಟದ ಜಾಗ ರಕ್ತಬೀಜ. ಅವನ ಒಂದು ಹನಿ ನೆತ್ತರು ನೆಲಕ್ಕೆ ಬಿದ್ದರೆ ಅವನಂಥವನೇ ಇನ್ನೊಬ್ಬ ಏಳುತ್ತಾನೆ. ಹೊಡೆದಷ್ಟೂ ಹೆಚ್ಚುತ್ತಾರೆ. ಕಡೆಗೆ ಚಾಮುಂಡೆ ಬಾಯಿ ಅಗಲಿಸಿ ನೆತ್ತರನ್ನು ನೆಲಕ್ಕೆ ಬೀಳಗೊಡದೆ ಕುಡಿಯುತ್ತಾಳೆ, ದೇವಿ ಹೊಡೆಯುತ್ತಾಳೆ. ಮಾತಿನಲ್ಲಿ ಎರಡೇ ವಾಕ್ಯ. ಚಿತ್ರದಲ್ಲಿ ಹೇಗೆ? ಒಂದೇ ಚೌಕಟ್ಟಿನಲ್ಲಿ ನೂರು ರಕ್ತಬೀಜರನ್ನು ತುಂಬಿದರೆ ಅದು ಜಾತ್ರೆಯಾಗುತ್ತದೆ, ಭಯ ಬರುವುದಿಲ್ಲ. ಬಲ್ಲವರು ಚೌಕಟ್ಟನ್ನು ಚಿಕ್ಕದು ಮಾಡುತ್ತಾರೆ: ಒಂದು ಹನಿ, ಹನಿ ಬಿದ್ದ ಮಣ್ಣು, ಮಣ್ಣಿನಿಂದ ಬೆರಳು, ಮುಂದಿನ ಚೌಕಟ್ಟಿನಲ್ಲಿ ಮೊದಲಿನವನ ಮುಖವೇ ಮತ್ತೆ. ಓದುಗರ ಕಣ್ಣು ಒಂದೇ ಮುಖವನ್ನು ಮೂರನೆಯ ಸಲ ಕಂಡಾಗ ಹೊಟ್ಟೆಯಲ್ಲಿ ಏಳುವ ತಳಮಳವೇ ರಕ್ತಬೀಜ. ಮರುಕಳಿಕೆಯನ್ನು ಇಷ್ಟು ನೇರವಾಗಿ ಬಳಸಿಕೊಳ್ಳಬಲ್ಲ ಕಲೆ ಚಿತ್ರಕಥೆಯಂಥದು ಇನ್ನೊಂದಿಲ್ಲ.

ಇನ್ನು ಎರಡನೆಯ ಕವಲು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮೊದಲಾದವರ ಗೋಥಮ್ ಕಾಮಿಕ್ಸ್ 2004ರಲ್ಲಿ ಸ್ಪೈಡರ್‌ಮ್ಯಾನನಿಗೆ ಧೋತಿ ಉಡಿಸಿ ಭಾರತಕ್ಕೆ ತಂದಿತ್ತು. 2006ರಲ್ಲಿ ಅವರು, ಬ್ರಿಟನ್ನಿನ ರಿಚರ್ಡ್ ಬ್ರಾನ್ಸನ್, ಲೇಖಕ ದೀಪಕ್ ಚೋಪ್ರಾ, ಚಿತ್ರನಿರ್ದೇಶಕ ಶೇಖರ್ ಕಪೂರ್ ಸೇರಿ ವರ್ಜಿನ್ ಕಾಮಿಕ್ಸ್ ಆಯಿತು. ಚಿತ್ರ ಬರೆಯುವ ಸ್ಟುಡಿಯೋ ಬೆಂಗಳೂರಿನಲ್ಲಿ, ಕಚೇರಿ ನ್ಯೂಯಾರ್ಕಿನಲ್ಲಿ. ಸಂಸ್ಥೆಯ ಮೊದಲ ಕೃತಿಗಳಲ್ಲಿ ಒಂದು ‘ದೇವಿ’. ಕಲ್ಪನೆ ಶೇಖರ್ ಕಪೂರರದು. ಮೊದಲ ಬರಹ ಸಿದ್ಧಾರ್ಥ ಕೋಟ್ಯಾನ್, ಮುಂದೆ ಸಮಿತ್ ಬಸು, ಸೌರವ್ ಮಹಾಪಾತ್ರ. ಆರಂಭದ ಚಿತ್ರಗಳು ಮುಕೇಶ್ ಸಿಂಗ್ ಅವರವು.

ಕಥೆ ಸೀತಾಪುರವೆಂಬ ಕಲ್ಪಿತ ಮಹಾನಗರದ್ದು. ಬಾಲ ಎಂಬ, ದೇವಕುಲದಿಂದ ತಿರುಗಿಬಿದ್ದವನ ವಿರುದ್ಧ ಹೋರಾಡಲು ದೇವತೆಗಳು ಹಿಂದೆ ರೂಪಿಸಿದ ಯೋಧೆ ದೇವಿ. ಅವಳು ಈಗ ತಾರಾ ಮೆಹ್ತಾ ಎಂಬ ನಗರದ ಹುಡುಗಿಯ ಮೈಯಲ್ಲಿ ಮರಳಬೇಕಿದೆ. ದುರಾಪಸ್ಯರೆಂಬ ಗುಪ್ತಕೂಟ ಅವಳನ್ನು ಬಲಿಕೊಟ್ಟಾದರೂ ದೇವಿಯನ್ನು ಕರೆಸಬೇಕೆಂದಿದೆ. ಬಾಲನ ಕಡೆಯ ಕ್ರಥಾ ಎಂಬ ಕೊಲೆಗಾತಿ ಬೆನ್ನು ಹತ್ತಿದ್ದಾಳೆ. ನಡುವೆ ರಾಹುಲ್ ಸಿಂಗ್ ಎಂಬ ಪೊಲೀಸ್ ಇನ್‌ಸ್ಪೆಕ್ಟರ್. ತಾರಾ ಸಾಯದೆ ಉಳಿದು, ದೇವಿಯ ಬಲವನ್ನು ಪಡೆದರೂ ತಾನಾಗಿಯೇ ಇರಲು ಹೆಣಗುತ್ತಾಳೆ.

ಮುಕೇಶ್ ಸಿಂಗರ ಪುಟಗಳು ಈಗಲೂ ನೋಡತಕ್ಕವು. ಗೆರೆಗಿಂತ ಬಣ್ಣದ ಮೇಲೆ ಒರಗಿದ, ಎಣ್ಣೆಚಿತ್ರದ ಹಾಗಿನ ಬರವಣಿಗೆ. ಮಳೆ ಬಿದ್ದ ನಗರದ ನಿಯಾನ್ ಬೆಳಕು ದೇವಿಯ ಕವಚದ ಮೇಲೆ ಹೊಳೆಯುವಂಥ ನೋಟಗಳು. ಬೆಂಗಳೂರಿನ ಸ್ಟುಡಿಯೋದಿಂದ ಹೊರಟ ಚಿತ್ರ ಅಮೆರಿಕದ ಅಂಗಡಿಗಳಲ್ಲಿ ಅಲ್ಲಿಯ ಪುಸ್ತಕಗಳ ಸರಿಸಮಕ್ಕೆ ನಿಂತದ್ದು ದೊಡ್ಡ ಸಾಧನೆ.

ಕಥೆಯ ಬಗ್ಗೆ ಅಷ್ಟೇ ಖಚಿತವಾಗಿ ಮೆಚ್ಚುಗೆ ಹೇಳಲಾಗದು. ಬಾಲ ಪತನಗೊಂಡ ದೇವ. ಈ ಕಲ್ಪನೆ ಕ್ರೈಸ್ತ ಪರಂಪರೆಯ ಪತಿತ ದೇವದೂತನಿಗೆ ಹತ್ತಿರ. ನಮ್ಮ ಪುರಾಣದ ಅಸುರ ಬೇರೆಯೇ ಜಾತಿಯವನು. ಅವನು ತಪಸ್ಸು ಮಾಡಿ, ಕಷ್ಟಪಟ್ಟು, ನ್ಯಾಯವಾಗಿ ವರ ಗಳಿಸುತ್ತಾನೆ. ದೇವೀಭಾಗವತದ ಮಹಿಷ ಗಂಡಸರಿಂದ ತನಗೆ ಸಾವು ಬೇಡವೆಂದು ಬೇಡುತ್ತಾನೆ. ಹೆಣ್ಣು ಏನು ಮಾಡಿಯಾಳು ಎಂಬ ಉದಾಸೀನವೇ ಅವನಿಗೆ ಮುಳುವಾಗುತ್ತದೆ. ವೈರಿಯ ತಲೆಯೊಳಗಿನ ಈ ಕುರುಡುತನ ಕಥೆಯ ಜೀವ. ಅದನ್ನು ತೆಗೆದುಹಾಕಿ ಆದಿಕಾಲದ ಕೆಡುಕಿನ ಒಡೆಯನನ್ನು ಕೂರಿಸಿದರೆ ಕಾಳಗ ದೊಡ್ಡದಾಗುತ್ತದೆ, ಅರ್ಥ ಚಿಕ್ಕದಾಗುತ್ತದೆ. ಆದರೆ ತಾರಾಳ ತೊಳಲಾಟವನ್ನು ಹಾಗೆ ತಳ್ಳಿಹಾಕುವಂತಿಲ್ಲ. ಪುರಾಣದ ದೇವಿಗೆ ಅನುಮಾನವಿಲ್ಲ. ಶುಂಭ ‘ಬೇರೆಯವರ ಬಲ ನೆಚ್ಚಿ ಕಾದುತ್ತೀಯೆ’ ಎಂದು ಹಂಗಿಸಿದಾಗ ಅವಳು ಎಲ್ಲ ಶಕ್ತಿಯರನ್ನೂ ತನ್ನೊಳಗೆ ಸೆಳೆದುಕೊಂಡು ಒಂಟಿಯಾಗಿ ನಿಲ್ಲುತ್ತಾಳೆ. ಮೈಮೇಲೆ ದೇವರು ಬರುವ ಸಾಮಾನ್ಯ ಹೆಣ್ಣಿಗೆ ಏನಾಗುತ್ತದೆ, ಬಂದದ್ದು ಹೋದ ಮೇಲೆ ಅವಳು ಯಾರು ಎಂಬುದನ್ನು ಶ್ಲೋಕ ಕೇಳುವುದಿಲ್ಲ. ‘ದೇವಿ’ ಕೇಳಿತು. ಇದು ಆ ಕೃತಿಯ ನಿಜವಾದ ಕೊಡುಗೆ.

ಇಪ್ಪತ್ತು ಸಂಚಿಕೆಗಳ ಬಳಿಕ 2008ರಲ್ಲಿ ಮಾಲೆ ನಿಂತಿತು. ಅದೇ ವರ್ಷ ವರ್ಜಿನ್ ಕಾಮಿಕ್ಸ್‌ನ ನ್ಯೂಯಾರ್ಕ್ ಕಚೇರಿ ಮುಚ್ಚಿ, ಸಂಸ್ಥೆ ಲಿಕ್ವಿಡ್ ಕಾಮಿಕ್ಸ್ ಎಂಬ ಹೊಸ ಹೆಸರು ಪಡೆಯಿತು.

ಇದೇ ಸಾಲಿನ ಬೇರೆ ಕೃತಿಗಳಲ್ಲಿ ದೆಹಲಿಯ ರಾಜ್ ಕಾಮಿಕ್ಸ್‌ನ ‘ಶಕ್ತಿ’ ಹಿಂದಿ ಓದುಗರಲ್ಲಿ ಹೆಸರಾದುದು. ಗಂಡನ ಕ್ರೌರ್ಯಕ್ಕೆ ಹೆಣ್ಣುಶಿಶುವನ್ನು ಕಳೆದುಕೊಂಡ ಚಂದಾಳಿಗೆ ಕಾಳಿಯ ಬಲ ಬರುವ ಕಥೆ. 2012ರ ದೆಹಲಿಯ ಅತ್ಯಾಚಾರದ ಬಳಿಕ ರಾಮ್ ದೇವಿನೇನಿ ಮತ್ತು ಡ್ಯಾನ್ ಗೋಲ್ಡ್‌ಮನ್ ರೂಪಿಸಿದ ‘ಪ್ರಿಯಾಳ ಶಕ್ತಿ’ 2014ರಲ್ಲಿ ಬಂತು. ಅದರಲ್ಲಿ ಪಾರ್ವತಿಯ ನೆರವು ಪಡೆದ ಹಳ್ಳಿಯ ಹುಡುಗಿ ಹುಲಿಯ ಮೇಲೆ ಕೂತು ಮರಳುತ್ತಾಳೆ. ಆಯುಧ ಅವಳ ಕೈಯಲ್ಲಿಲ್ಲ, ಮಾತೇ ಆಯುಧ. ಪಶ್ಚಿಮದಲ್ಲಿ 1941ರ ಕೊನೆಯಲ್ಲಿ ಹುಟ್ಟಿದ ವಂಡರ್ ವುಮನ್ ಗ್ರೀಕ್ ಪುರಾಣದ ಅಮೆಜಾನ್ ಹೆಂಗಸರ ವಂಶದವಳು. ಅಲ್ಲಿ ಆ ದೇವತೆಗಳನ್ನು ಪೂಜಿಸುವವರು ಈಗ ಅಪರೂಪ. ಇಲ್ಲಿ ದೇವಿಯ ಚಿತ್ರ ಬರೆದವನ ಮನೆಯಲ್ಲಿಯೇ ದೇವಿಗೆ ದೀಪ ಹಚ್ಚುತ್ತಾರೆ. ಭಾರತದ ಚಿತ್ರಗಾರನ ಕೈ ದೇವಿಯನ್ನು ಬರೆಯುವಾಗ ಸಹಜವಾಗಿಯೇ ಒಂದು ಗಳಿಗೆ ನಿಂತು ಮುಂದುವರಿಯುತ್ತದೆ.

ಆ ಜೀವಂತ ದೇವಿಯನ್ನು ಕಾಣಲು ಹೈದರಾಬಾದ್ ಒಳ್ಳೆಯ ಊರು. 1956ರ ನವೆಂಬರ್ 1ರವರೆಗೆ ಬೀದರ್, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲಿದ್ದವು, ಎಸ್.ಎಂ. ಪಂಡಿತರ ಊರೂ ದೇವೀ ಪುರಾಣದ ಅಂಬಾಮಠವೂ ನಿಜಾಮನ ಸೀಮೆಯವೇ. ನಗರದ ಬಡಗಣ ಅಂಚಿನ ಜೀಡಿಮೆಟ್ಲಾ ಇಂದು ಕಾರ್ಖಾನೆಗಳ ಊರು. ಕುತುಬುಲ್ಲಾಪುರಕ್ಕೆ ಸೇರಿದ ಈ ಕೈಗಾರಿಕಾ ಪ್ರದೇಶದ ಶೆಡ್ಡುಗಳ ನಡುವೆಯೂ ಆಷಾಢ ಬಂದರೆ ಬೋನಾಲು ಬರುತ್ತದೆ. ಅರಿಸಿನ-ಕುಂಕುಮ ಹಚ್ಚಿದ, ಬೇವಿನ ಸೊಪ್ಪು ಕಟ್ಟಿದ ಮಡಕೆಯಲ್ಲಿ ಅನ್ನ ಹೊತ್ತು, ಮೇಲೆ ದೀಪವಿಟ್ಟು ಹೆಂಗಸರು ಪೋಚಮ್ಮ, ಮೈಸಮ್ಮ, ಎಲ್ಲಮ್ಮರ ಗುಡಿಗೆ ನಡೆಯುತ್ತಾರೆ. ಮುಂದೆ ಮೈಗೆಲ್ಲ ಅರಿಸಿನ ಬಳಿದ ಪೋತರಾಜು ಚಾಟಿ ಬೀಸುತ್ತಾನೆ. ಅವನು ಅಮ್ಮನ ತಮ್ಮ ಎಂಬುದು ನಂಬಿಕೆ. ಸಮೀಪದ ಗಾಜುಲರಾಮಾರಂನ ಚಿತ್ತಾರಮ್ಮನ ಜಾತ್ರೆಗೂ ಜನ ಸೇರುತ್ತಾರೆ. ಸವದತ್ತಿಯ ಎಲ್ಲಮ್ಮನಿಗೆ ನಡೆದುಕೊಳ್ಳುವ ಕಲಬುರಗಿಯ ಕಡೆಯವರಿಗೆ ಇಲ್ಲಿಯ ಎಲ್ಲಮ್ಮ ಹೊರಗಿನವಳೆನಿಸುವುದಿಲ್ಲ. ಈ ಅಮ್ಮಂದಿರ ವೈರಿ ಕೋಡಿನ ಕೋಣನಲ್ಲ. ಸಿಡುಬು, ಕಾಲರಾ, ಬರ. ಸಿಕಂದರಾಬಾದಿನ ಉಜ್ಜಯಿನಿ ಮಹಾಕಾಳಿಯ ಗುಡಿಯ ಕಥೆಯೂ ಹಾಗೆಯೇ ಶುರುವಾಗುತ್ತದೆ. 1813ರ ಸುಮಾರಿಗೆ ಊರಿಗೆ ಸಾಂಕ್ರಾಮಿಕ ಬಂದಾಗ ಉಜ್ಜಯಿನಿಯಲ್ಲಿದ್ದ ಸೈನಿಕ ಸುರಿಟಿ ಅಪ್ಪಯ್ಯ ಹರಕೆ ಹೊತ್ತು, ಮರಳಿ ಬಂದು 1815ರಲ್ಲಿ ದೇವಿಯ ಮರದ ಮೂರ್ತಿ ನಿಲ್ಲಿಸಿದ ಎನ್ನುತ್ತಾರೆ. ಈ ಯುದ್ಧವನ್ನು ಯಾವ ಕಾಮಿಕ್ಸೂ ಇನ್ನೂ ಮನಸ್ಸಿಟ್ಟು ಬರೆದಂತಿಲ್ಲ. ಕೋಣಕ್ಕೆ ಮುಖವಿದೆ, ರೋಗಕ್ಕೆ ಮುಖ ಕೊಡುವುದು ಕಷ್ಟ.

ತೆಲಂಗಾಣದಲ್ಲಿ ಸಾಲುಚಿತ್ರದ ಹಳೆಯ ವಿದ್ಯೆಯೂ ಇದೆ. ಹೈದರಾಬಾದಿನಿಂದ ಈಶಾನ್ಯಕ್ಕಿರುವ ಚೇರ್ಯಾಲದ ನಕಾಶಿ ಚಿತ್ರಗಾರರು ಖಾದಿ ಬಟ್ಟೆಗೆ ಹುಣಸೆಬೀಜದ ಸರಿ, ಗಂಜಿ, ಬಿಳಿಮಣ್ಣು ಕಲಸಿ ಬಳಿದು, ಒಣಗಿಸಿ, ಕೆಂಪು ನೆಲದ ಮೇಲೆ ಕಥೆ ಬರೆಯುತ್ತಾರೆ. ಮೊದಲ ಚೌಕಟ್ಟು ಗಣಪತಿಯದು, ಮುಂದೆ ಸರಸ್ವತಿ, ಆಮೇಲೆ ಪಟ್ಟೆಪಟ್ಟೆಯಾಗಿ ಕಥೆ. ಪಟ್ಟೆಗಳ ನಡುವೆ ಹೂಬಳ್ಳಿಯ ಅಂಚು. ಹಳೆಯ ಸುರುಳಿಗಳು 40 ಅಡಿ ದಾಟುತ್ತಿದ್ದವು. ಕಥೆ ಹೇಳುವ ಸಮುದಾಯದವರು ಇವನ್ನು ಬರೆಸಿಕೊಂಡು ಊರೂರು ಅಲೆಯುತ್ತಿದ್ದರು. ಪದ್ಮಶಾಲಿ ನೇಕಾರರಿಗೆ ಮಾರ್ಕಂಡೇಯ ಪುರಾಣದ ಸುರುಳಿಯನ್ನು ಹಾಡಿ ತೋರಿಸುವವರು ಕೂನಪುಲಿಗಳು. ಎರಡು ಗಳುಗಳಿಗೆ ಸುರುಳಿ ಕಟ್ಟಿ, ಹೇಳಿದಷ್ಟೇ ಬಿಚ್ಚುತ್ತ, ಮುಂದಿನ ಚೌಕಟ್ಟನ್ನು ಮುಚ್ಚಿಟ್ಟು ಕೇಳುವವರ ಕುತೂಹಲವನ್ನು ರಾತ್ರಿಯಿಡೀ ಹಿಡಿದಿಡುತ್ತಿದ್ದರು.

ಈಗ ಅಂಥ ಉದ್ದನೆಯ ಸುರುಳಿಗೆ ಗಿರಾಕಿ ಅಪರೂಪ. ಮನೆಯ ಗೋಡೆಗೆ ಹೊಂದುವ ಅಳತೆಯಲ್ಲಿ ಒಂದೇ ಪಟ್ಟೆ, ಒಂದೇ ಪ್ರಸಂಗ ಬರೆದು ಕಟ್ಟು ಹಾಕಿ ಮಾರುವುದು ವಾಡಿಕೆಯಾಗಿದೆ. ಅಂಗಡಿಯಲ್ಲಿ ತೂಗುವ ಆ ತುಂಡಿನಲ್ಲಿ ಕೆಂಪು ನೆಲವಿದೆ, ಅಗಲ ಕಣ್ಣಿನ ಅಮ್ಮನಿದ್ದಾಳೆ, ಎತ್ತಿದ ಕೈಯಲ್ಲಿ ಕತ್ತಿಯಿದೆ. ಕತ್ತಿ ಯಾರ ಮೇಲೆ ಎತ್ತಿದ್ದು ಎಂಬುದು ಪಕ್ಕದ ಪಟ್ಟೆಯಲ್ಲಿತ್ತು.